ನಿಮ್ಮದೇ ದೇಹದಲ್ಲಿ ನರಮಂಡಲದ ಜಾಡು ಹಿಡಿಯುವುದು ಹೇಗೆ? ಮನೆಯಲ್ಲೇ ಮಾಡಿ ನೋಡಬಹುದಾದ ಪರೀಕ್ಷೆಗಳು

ನರರೋಗ ತಜ್ಞರು ರೋಗದ ಹೆಸರಿಗಿಂತ ಮೊದಲು ಅದರ ಜಾಗ ಹುಡುಕುತ್ತಾರೆ. ಬಲಗೈ ಜೋಮು ಹಿಡಿದಿದೆ ಎಂದರೆ ಮಣಿಕಟ್ಟಿನಲ್ಲಿ ನರ ಒತ್ತಿರಬಹುದು, ಮೊಣಕೈಯಲ್ಲಿ ಒತ್ತಿರಬಹುದು, ಕುತ್ತಿಗೆಯಲ್ಲಿ ನರದ ಬೇರು ಸಿಕ್ಕಿಕೊಂಡಿರಬಹುದು, ಮಿದುಳುಬಳ್ಳಿಯಲ್ಲೇ ತೊಂದರೆ ಇರಬಹುದು, ಇಲ್ಲವೇ ಎಡ ಮಿದುಳಿಗೆ ರಕ್ತ ತಲುಪದೆ ಇರಬಹುದು. ಐದಕ್ಕೂ ಚಿಕಿತ್ಸೆ ಬೇರೆ ಬೇರೆ. ಮೊದಲನೆಯದಕ್ಕೆ ಕೆಲವು ವಾರ ಕಾದರೂ ನಡೆಯುತ್ತದೆ, ಕೊನೆಯದಕ್ಕೆ ನಿಮಿಷಗಳ ಲೆಕ್ಕ.

ನರಮಂಡಲದ ರಚನೆ ಕಲಿಯಲಿಕ್ಕೂ ಇದೇ ಒಳ್ಳೆಯ ದಾರಿ. ಹೆಸರುಗಳನ್ನು ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿದ ವಾರಕ್ಕೆ ಮರೆತುಹೋಗುತ್ತವೆ. ಒಂದು ಸಂದೇಶ ಎಲ್ಲಿಂದ ಹೊರಟು, ಎಲ್ಲಿ ತಿರುಗಿ, ಎಲ್ಲಿಗೆ ಮುಟ್ಟುತ್ತದೆ ಎಂದು ಸ್ವಂತ ಮೈಯಲ್ಲಿ ನೋಡಿಕೊಂಡರೆ ಮರೆಯುವುದಿಲ್ಲ. ವಿದ್ಯಾರ್ಥಿಗಳು, ಶಿಕ್ಷಕರು, ಮನೆಯಲ್ಲಿ ಸಕ್ಕರೆ ಕಾಯಿಲೆಯವರನ್ನು ನೋಡಿಕೊಳ್ಳುವವರು, ಎಲ್ಲರೂ ಇದನ್ನು ಮಾಡಬಹುದು.

ಬೇಕಾಗುವುದು ಇಷ್ಟೇ: 30 ಸೆಂ.ಮೀ. ಸ್ಕೇಲು, ಸಣ್ಣ ಟಾರ್ಚ್, ಹತ್ತಿ, ಒಂದು ಪೇಪರ್ ಕ್ಲಿಪ್, ಸೆಕೆಂಡ್ ತೋರಿಸುವ ಗಡಿಯಾರ, ಬಿಳಿ ಹಾಳೆ, ಪೆನ್ನು, ಕಾಲು ನೆಲಕ್ಕೆ ತಾಕದಷ್ಟು ಎತ್ತರದ ಮೇಜು, ಜೊತೆಗೆ ಒಬ್ಬರು. ಸೂಜಿ ಬಳಸಬೇಡಿ. ಚುಚ್ಚಿ ನೋಡುವ ಕೆಲಸ ಆಸ್ಪತ್ರೆಯಲ್ಲಿ ಆಗಲಿ.

ಮೊದಲು ನಕ್ಷೆ

ನರಮಂಡಲದಲ್ಲಿ ಎರಡು ಭಾಗ. ತಲೆಬುರುಡೆ ಮತ್ತು ಬೆನ್ನುಮೂಳೆಯ ಒಳಗೆ ಇರುವ ಮಿದುಳು ಮತ್ತು ಮಿದುಳುಬಳ್ಳಿ ಸೇರಿ ಕೇಂದ್ರ ನರಮಂಡಲ. ಅಲ್ಲಿಂದ ಹೊರಬಂದು ಮೈತುಂಬ ಹರಡಿದ ನರಗಳು ಪರಿಧಿ ನರಮಂಡಲ. ಮಿದುಳಿನಿಂದ 12 ಜೊತೆ ನರಗಳು ಹೊರಡುತ್ತವೆ, ಇವೇ ಕಪಾಲ ನರಗಳು. ಮಿದುಳುಬಳ್ಳಿಯಿಂದ 31 ಜೊತೆ: ಕುತ್ತಿಗೆಯಲ್ಲಿ 8, ಎದೆಯಲ್ಲಿ 12, ಸೊಂಟದಲ್ಲಿ 5, ಅದರ ಕೆಳಗಿನ ತ್ರಿಕಾಸ್ಥಿಯಲ್ಲಿ 5, ಬಾಲದ ಮೂಳೆಯ ಬಳಿ 1.

ವಯಸ್ಕರ ಮಿದುಳಿನ ತೂಕ ಸುಮಾರು 1.3 ರಿಂದ 1.4 ಕಿಲೋ. ಮೈತೂಕದಲ್ಲಿ ಅದರ ಪಾಲು ಶೇಕಡ 2 ಮಾತ್ರ, ಆದರೆ ವಿಶ್ರಾಂತಿಯಲ್ಲಿರುವ ದೇಹ ಬಳಸುವ ಆಮ್ಲಜನಕದಲ್ಲಿ ಶೇಕಡ 20ರಷ್ಟು ಅದಕ್ಕೇ ಬೇಕು. ಸುಮಾರು 8,600 ಕೋಟಿ ನರಕೋಶಗಳಿವೆ. ಇವು ಕೂಡಿಟ್ಟುಕೊಳ್ಳುವ ಸಕ್ಕರೆ, ಆಮ್ಲಜನಕ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಲಕ್ವ ಹೊಡೆದಾಗ ಅವಸರ ಯಾಕೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ.

ಮಿದುಳುಬಳ್ಳಿಯ ಉದ್ದ ಸುಮಾರು 45 ಸೆಂ.ಮೀ. ಬೆನ್ನುಮೂಳೆ ಇದಕ್ಕಿಂತ ಉದ್ದ. ವಯಸ್ಕರಲ್ಲಿ ಬಳ್ಳಿ ಸೊಂಟದ ಮೊದಲ ಅಥವಾ ಎರಡನೆಯ ಕಶೇರುಮಣಿಯ ಹತ್ತಿರ ಮುಗಿದುಹೋಗುತ್ತದೆ, ಕೆಳಗೆ ಉಳಿಯುವುದು ನರದ ಬೇರುಗಳ ಗೊಂಚಲು. ಬೆನ್ನುನೀರು ತೆಗೆಯುವಾಗ ವೈದ್ಯರು ಸೊಂಟದ 3 ಮತ್ತು 4ನೇ ಅಥವಾ 4 ಮತ್ತು 5ನೇ ಮಣಿಯ ನಡುವೆಯೇ ಸೂಜಿ ಹಾಕುವುದು ಇದೇ ಕಾರಣಕ್ಕೆ. ಅಲ್ಲಿ ಬಳ್ಳಿ ಇಲ್ಲ, ಸೂಜಿ ತಾಕಿದರೆ ಬೇರುಗಳು ಪಕ್ಕಕ್ಕೆ ಸರಿಯುತ್ತವೆ. ‘ಬೆನ್ನಿಗೆ ಸೂಜಿ ಹಾಕಿಸಿದರೆ ಕಾಲು ಬಿದ್ದುಹೋಗುತ್ತದೆ’ ಎಂಬ ಭಯದಿಂದ ಮಿದುಳು ಜ್ವರದ ಪರೀಕ್ಷೆಯನ್ನೇ ಬೇಡ ಎನ್ನುವ ಮನೆಯವರು ಇಂದಿಗೂ ಇದ್ದಾರೆ. ಅವರಿಗೆ ಈ ಒಂದು ಅಂಶ ತಿಳಿದಿರಬೇಕು.

ಕೆಲಸದ ದೃಷ್ಟಿಯಿಂದ ನೋಡಿದರೆ ಜ್ಞಾನವಾಹಿ ನರತಂತುಗಳು ಒಳಗೆ ಸುದ್ದಿ ತರುತ್ತವೆ, ಕ್ರಿಯಾವಾಹಿ ತಂತುಗಳು ಹೊರಗೆ ಆಜ್ಞೆ ಒಯ್ಯುತ್ತವೆ. ಮಿದುಳುಬಳ್ಳಿಗೆ ಸುದ್ದಿ ಹಿಂಭಾಗದ ಬೇರಿನಿಂದ ಬರುತ್ತದೆ, ಆಜ್ಞೆ ಮುಂಭಾಗದ ಬೇರಿನಿಂದ ಹೋಗುತ್ತದೆ. ನಾವು ಹೇಳಿದಂತೆ ಕೇಳದ, ಹೃದಯ, ಕರುಳು, ಬೆವರು, ಕಣ್ಣಪಾಪೆಗಳನ್ನು ನೋಡಿಕೊಳ್ಳುವ ಪ್ರತ್ಯೇಕ ಪಾಲಿಗೆ ಸ್ವಾಯತ್ತ ನರಮಂಡಲ ಎಂದು ಹೆಸರು.

ಹೆಜ್ಜೆ 1: ಮಂಡಿ ತಟ್ಟಿ ನೋಡುವುದು

ಜೊತೆಗಾರರನ್ನು ಮೇಜಿನ ಮೇಲೆ ಕೂರಿಸಿ, ಕಾಲು ಸಡಿಲವಾಗಿ ಇಳಿಬಿಡಲಿ. ಮಂಡಿಚಿಪ್ಪಿನ ಕೆಳಗೆ ಬೆರಳಿಟ್ಟರೆ ಚಿಪ್ಪಿಗೂ ಕಣಕಾಲಿನ ಮೂಳೆಗೂ ನಡುವೆ ಗಟ್ಟಿಯಾದ ಪಟ್ಟಿಯಂಥ ಸ್ನಾಯುರಜ್ಜು ಸಿಗುತ್ತದೆ. ಅದರ ಮೇಲೆ ಅಂಗೈಯ ಅಂಚಿನಿಂದ, ಮಣಿಕಟ್ಟು ಸಡಿಲಬಿಟ್ಟು, ಚುರುಕಾಗಿ ಒಮ್ಮೆ ತಟ್ಟಿ. ಕಾಲು ಮುಂದಕ್ಕೆ ಚಿಮ್ಮುತ್ತದೆ.

ತಟ್ಟಿದಾಗ ತೊಡೆಯ ಮುಂಭಾಗದ ಸ್ನಾಯು ಕೂದಲೆಳೆಯಷ್ಟು ಹಿಗ್ಗುತ್ತದೆ. ಸ್ನಾಯುವಿನೊಳಗಿನ ಹಿಗ್ಗುವಿಕೆ ಗ್ರಾಹಕಗಳು ಅದನ್ನು ಹಿಡಿದು ಸೊಂಟದ 3 ಮತ್ತು 4ನೇ ಬೇರಿನ ಮೂಲಕ ಮಿದುಳುಬಳ್ಳಿಗೆ ಸುದ್ದಿ ಕಳಿಸುತ್ತವೆ. ಅಲ್ಲಿ ಒಂದೇ ಒಂದು ಸಿನಾಪ್ಸ್, ಅಂದರೆ ಎರಡು ನರಕೋಶ ಸಂಧಿಸುವ ಸಂದು. ಸುದ್ದಿ ತಂದ ನರಕೋಶ ನೇರವಾಗಿ ಸ್ನಾಯುವಿನ ನರಕೋಶವನ್ನು ಎಬ್ಬಿಸುತ್ತದೆ, ಸ್ನಾಯು ಸೆಳೆಯುತ್ತದೆ. ಇಡೀ ಸುತ್ತು ಮುಗಿಯಲು 20 ರಿಂದ 30 ಮಿಲಿಸೆಕೆಂಡ್ ಸಾಕು. ಮಿದುಳಿಗೆ ಸುದ್ದಿ ಮುಟ್ಟುವುದು ಆಮೇಲೆ.

ಕಾಲು ಚಿಮ್ಮದಿದ್ದರೆ ಗಾಬರಿ ಬೇಡ. ತಟ್ಟಿದ ಜಾಗ ತಪ್ಪಿರುತ್ತದೆ, ಇಲ್ಲವೇ ಕೂತವರು ‘ಈಗ ತಟ್ಟುತ್ತಾರೆ’ ಎಂದು ತೊಡೆ ಬಿಗಿ ಹಿಡಿದಿರುತ್ತಾರೆ. ಎರಡೂ ಕೈಯ ಬೆರಳುಗಳನ್ನು ಕೊಕ್ಕೆಯಂತೆ ಒಂದಕ್ಕೊಂದು ಸಿಕ್ಕಿಸಿ ಜೋರಾಗಿ ಎಳೆಯಲು ಹೇಳಿ, ಎಳೆಯುತ್ತಿರುವಾಗಲೇ ತಟ್ಟಿ. ಅಡಗಿದ್ದ ಚಿಮ್ಮುವಿಕೆ ಹೊರಬರುತ್ತದೆ. ಆರೋಗ್ಯವಂತರಲ್ಲೂ ಕೆಲವರಿಗೆ ಇದು ಸಣ್ಣಗೆ ಇರುತ್ತದೆ. ಎರಡೂ ಕಡೆ ಒಂದೇ ಥರ ಇದ್ದರೆ ಚಿಂತೆಯಿಲ್ಲ, ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು.

ಈ ಸಣ್ಣ ತಟ್ಟುವಿಕೆಯಲ್ಲಿ ನರವಿಜ್ಞಾನದ ಬಹು ಮುಖ್ಯ ನಿಯಮ ಅಡಗಿದೆ. ನರ ಅಥವಾ ಬೇರು ಕೆಟ್ಟಿದ್ದರೆ ಸುತ್ತು ತುಂಡಾಗುತ್ತದೆ: ಚಿಮ್ಮುವಿಕೆ ಕುಗ್ಗುತ್ತದೆ ಅಥವಾ ಇಲ್ಲವಾಗುತ್ತದೆ, ಸ್ನಾಯು ಸಡಿಲವಾಗಿ ಸೊರಗುತ್ತದೆ. ಮಿದುಳಿನಲ್ಲೋ ಮಿದುಳುಬಳ್ಳಿಯ ಮೇಲ್ಭಾಗದಲ್ಲೋ ಕೆಟ್ಟಿದ್ದರೆ ಸುತ್ತು ಹಾಗೇ ಉಳಿದಿರುತ್ತದೆ, ಅದನ್ನು ಹತೋಟಿಯಲ್ಲಿಡುವ ಮೇಲಿನ ಆಜ್ಞೆ ಮಾತ್ರ ತಪ್ಪಿರುತ್ತದೆ. ಆಗ ಚಿಮ್ಮುವಿಕೆ ಅತಿಯಾಗುತ್ತದೆ, ಕಾಲು ಬಿಗಿಯಾಗುತ್ತದೆ. ಲಕ್ವ ಹೊಡೆದ ಮೊದಲ ದಿನಗಳಲ್ಲಿ ಸಡಿಲವಾಗಿದ್ದ ಕೈಕಾಲು ವಾರಗಳ ನಂತರ ಬಿಗಿಯಾಗುವುದು ಇದರಿಂದ. ಭೇದಿಯಾಗಿ ಒಂದೆರಡು ವಾರಕ್ಕೆ ಪಾದದಿಂದ ಶುರುವಾಗಿ ಮೇಲೇರುವ ಬಲಹೀನತೆ ಬಂದು, ಮಂಡಿ ಚಿಮ್ಮುವುದೂ ನಿಂತಿದ್ದರೆ ವೈದ್ಯರು ಗಿಲಿಯನ್ ಬಾರೆ ಕಾಯಿಲೆಯನ್ನು ಶಂಕಿಸುತ್ತಾರೆ. ದೇಹದ ರೋಗನಿರೋಧಕ ಪಡೆ ನರಗಳ ಮೇಲೇ ಬೀಳುವ ಈ ಕಾಯಿಲೆ ಉಸಿರಾಟದ ಸ್ನಾಯುಗಳವರೆಗೂ ಏರಬಹುದು. ಅಂಥವರನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು.

ಹೆಜ್ಜೆ 2: ಬೀಳುವ ಸ್ಕೇಲು ಹಿಡಿಯುವುದು

ಈಗ ಮಿದುಳನ್ನೂ ಸುತ್ತಿಗೆ ಸೇರಿಸೋಣ. ಜೊತೆಗಾರರು ಸ್ಕೇಲನ್ನು ಮೇಲಿನ ತುದಿಯಲ್ಲಿ ಹಿಡಿಯಲಿ, ಸೊನ್ನೆ ಕೆಳಗಿರಲಿ. ನಿಮ್ಮ ಹೆಬ್ಬೆರಳು, ತೋರುಬೆರಳು ಸೊನ್ನೆಯ ಎರಡೂ ಬದಿಯಲ್ಲಿ 2 ಸೆಂ.ಮೀ. ಅಂತರದಲ್ಲಿ ತಾಕದೆ ಕಾಯಲಿ. ಮುಂಗೈ ಮೇಜಿನ ಮೇಲೆ ಊರಿರಬೇಕು, ಇಲ್ಲದಿದ್ದರೆ ಕೈಯೇ ಕೆಳಗೆ ಹೋಗಿ ಲೆಕ್ಕ ಕೆಡುತ್ತದೆ. ಹೇಳದೆ ಕೇಳದೆ ಅವರು ಸ್ಕೇಲು ಬಿಡಲಿ. ಹೆಬ್ಬೆರಳಿನ ಮೇಲಂಚಿನಲ್ಲಿ ಎಷ್ಟು ಸೆಂ.ಮೀ. ಇದೆ ನೋಡಿ. ಐದು ಸಲ ಮಾಡಿ ನಡುವಿನ ಅಂಕಿ ತೆಗೆದುಕೊಳ್ಳಿ.

ಗುರುತ್ವದ ಲೆಕ್ಕದಿಂದ ಇದನ್ನು ಕಾಲಕ್ಕೆ ಪರಿವರ್ತಿಸಬಹುದು. 10 ಸೆಂ.ಮೀ. ಬಿದ್ದಿದ್ದರೆ 0.14 ಸೆಕೆಂಡ್, 15ಕ್ಕೆ 0.175, 20ಕ್ಕೆ 0.20, 25ಕ್ಕೆ 0.23, 30ಕ್ಕೆ 0.25. ಹೆಚ್ಚಿನ ವಯಸ್ಕರು 15 ರಿಂದ 25 ಸೆಂ.ಮೀ. ನಡುವೆ ಹಿಡಿಯುತ್ತಾರೆ. 5 ಸೆಂ.ಮೀ.ಗೇ ಹಿಡಿದರೆ ಅದು ಚುರುಕುತನ ಅಲ್ಲ, ಬಿಡುವ ಮುಂಚೆ ಊಹಿಸಿದ್ದಾರೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮಂಡಿಗೆ 30 ಮಿಲಿಸೆಕೆಂಡ್ ಸಾಕಾದರೆ ಇಲ್ಲಿ 200 ಯಾಕೆ? ದಾರಿ ಉದ್ದ, ನಿಲ್ದಾಣಗಳು ಹೆಚ್ಚು. ಕಣ್ಣಿನ ರೆಟಿನಾ ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸಲಿಕ್ಕೇ ಹತ್ತಾರು ಮಿಲಿಸೆಕೆಂಡ್ ಬೇಕು. ಅಲ್ಲಿಂದ ಮಿದುಳಿನ ನಡುವಿನ ನಿಲ್ದಾಣವಾದ ಥಾಲಮಸ್, ತಲೆಯ ಹಿಂಭಾಗದ ದೃಷ್ಟಿ ಕೇಂದ್ರ, ಮುಂದಿನ ಚಲನಾ ಕೇಂದ್ರ, ಮಿದುಳುಬಳ್ಳಿ, ಕೈಯ ನರ, ಬೆರಳಿನ ಸ್ನಾಯು. ಪ್ರತಿ ಸಿನಾಪ್ಸ್‌ನಲ್ಲೂ ಒಂದಿಷ್ಟು ತಡ. ಕಣ್ಣು ಮುಚ್ಚಿಕೊಂಡು, ಬಿಡುವ ಕ್ಷಣದಲ್ಲೇ ‘ಹಾ’ ಎಂದು ಕೂಗಲು ಹೇಳಿ ಇದನ್ನೇ ಮಾಡಿ. ಕಿವಿಯ ದಾರಿ ಕಣ್ಣಿನ ದಾರಿಗಿಂತ ಸಾಮಾನ್ಯವಾಗಿ ವೇಗ. ಆಮೇಲೆ ಫೋನಿನಲ್ಲಿ ಮಾತಾಡುತ್ತಾ ಮಾಡಿ ನೋಡಿ, ಸ್ಕೇಲು ಎಷ್ಟು ಕೆಳಗೆ ಜಾರುತ್ತದೆಂದು ತಿಳಿಯುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಬೈಕು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಹೆಚ್ಚುವರಿ 0.2 ಸೆಕೆಂಡ್ ಎಂದರೆ ಮೂರು ಮೀಟರಿಗೂ ಹೆಚ್ಚು.

ನರದೊಳಗೆ ಹರಿಯುವುದು ತಂತಿಯಲ್ಲಿ ಹರಿಯುವಂಥ ವಿದ್ಯುತ್ ಅಲ್ಲ. ನೆಮ್ಮದಿಯಾಗಿರುವ ನರಕೋಶದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣಾತ್ಮಕ. ಪ್ರಚೋದನೆ ಸಿಕ್ಕಾಗ ಪೊರೆಯಲ್ಲಿನ ಬಾಗಿಲುಗಳು ತೆರೆದು ಸೋಡಿಯಂ ಒಳನುಗ್ಗುತ್ತದೆ, ಬೆನ್ನಿಗೇ ಪೊಟ್ಯಾಸಿಯಂ ಹೊರಹೋಗುತ್ತದೆ, ಈ ಏರಿಳಿತ ಪಕ್ಕದ ಭಾಗಕ್ಕೆ ದಾಟುತ್ತಾ ಸಾಗುತ್ತದೆ. ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದ್ದರೆ ಸಂಕೇತ ಒಂದು ಸಂದಿನಿಂದ ಇನ್ನೊಂದಕ್ಕೆ ನೆಗೆಯುತ್ತದೆ. ಅತಿ ವೇಗದ ತಂತುಗಳಲ್ಲಿ ಸೆಕೆಂಡಿಗೆ 100 ಮೀಟರ್ ದಾಟಬಹುದು, ಹೊದಿಕೆಯಿಲ್ಲದ ತೆಳು ತಂತುಗಳಲ್ಲಿ ಬರೀ 0.5 ರಿಂದ 2 ಮೀಟರ್.

ಈ ವ್ಯತ್ಯಾಸ ನಿಮಗೆ ಗೊತ್ತಿರುವುದೇ. ಕಾಲ್ಬೆರಳು ಹೊಸ್ತಿಲಿಗೆ ಎಡವಿದಾಗ ಮೊದಲು ಚುರುಕ್ಕೆನ್ನುತ್ತದೆ, ಒಂದು ಗಳಿಗೆ ಬಿಟ್ಟು ಆಳವಾದ ನೋವು ಏಳುತ್ತದೆ. ಮೊದಲನೆಯದು ತೆಳು ಹೊದಿಕೆಯ ತಂತುಗಳಲ್ಲಿ ಬಂದದ್ದು, ಎರಡನೆಯದು ಹೊದಿಕೆಯಿಲ್ಲದವುಗಳಲ್ಲಿ. ಆಗ ಕೈ ತಾನಾಗಿಯೇ ಬೆರಳನ್ನು ತಿಕ್ಕಲು ಹೋಗುತ್ತದಲ್ಲ, ಅದಕ್ಕೂ ಅರ್ಥವಿದೆ. ಸ್ಪರ್ಶದ ವೇಗದ ತಂತುಗಳು ಮಿದುಳುಬಳ್ಳಿಯಲ್ಲಿ ನೋವಿನ ದಾರಿಯನ್ನು ತಡೆಯುತ್ತವೆ ಎಂದು ವಿಜ್ಞಾನಿಗಳಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮಂಡಿಸಿದರು.

ಹೆಜ್ಜೆ 3: ಚರ್ಮದ ಮೇಲೆ ನರಗಳ ಗಡಿ ಹುಡುಕುವುದು

ಪೇಪರ್ ಕ್ಲಿಪ್ ಬಿಡಿಸಿ ಅದರ ಎರಡೂ ತುದಿ ಪಕ್ಕಪಕ್ಕ ಬರುವಂತೆ ಬಗ್ಗಿಸಿ. ಕಣ್ಣು ಮುಚ್ಚಿದ ಜೊತೆಗಾರರ ಚರ್ಮಕ್ಕೆ ಎರಡೂ ತುದಿಯನ್ನು ಒಟ್ಟಿಗೆ, ಒತ್ತದೆ ಮುಟ್ಟಿಸಿ, ‘ಒಂದೋ ಎರಡೋ’ ಎಂದು ಕೇಳಿ. ನಡುನಡುವೆ ಒಂದೇ ತುದಿಯಿಂದಲೂ ಮುಟ್ಟಿಸಿ, ಊಹೆ ಬಯಲಾಗುತ್ತದೆ. ಬೆರಳ ತುದಿಯಲ್ಲಿ 2 ರಿಂದ 4 ಮಿ.ಮೀ. ಅಂತರಕ್ಕೇ ‘ಎರಡು’ ಎನ್ನುತ್ತಾರೆ. ಅಂಗೈಯಲ್ಲಿ ಸುಮಾರು 10 ಮಿ.ಮೀ. ಬೇಕು, ಮುಂಗೈ ಮತ್ತು ಬೆನ್ನಿನಲ್ಲಿ 40 ಮಿ.ಮೀ. ಆಸುಪಾಸು. ಬೆರಳ ತುದಿಯಲ್ಲಿ ಗ್ರಾಹಕಗಳು ಒತ್ತೊತ್ತಾಗಿವೆ, ಜೊತೆಗೆ ಮಿದುಳಿನ ಸ್ಪರ್ಶ ಪಟ್ಟಿಯಲ್ಲಿ ಬೆರಳು ಮತ್ತು ತುಟಿಗೆ ಸಿಕ್ಕಿರುವ ಜಾಗ ಇಡೀ ಬೆನ್ನಿಗೆ ಸಿಕ್ಕಿದ್ದಕ್ಕಿಂತ ದೊಡ್ಡದು. ಮಾಂಟ್ರಿಯಲ್‌ನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಮೂರ್ಛೆರೋಗದ ಶಸ್ತ್ರಚಿಕಿತ್ಸೆಯ ವೇಳೆ ಎಚ್ಚರವಾಗಿದ್ದ ರೋಗಿಗಳ ಮಿದುಳನ್ನು ಸಣ್ಣ ವಿದ್ಯುತ್ತಿನಿಂದ ಮುಟ್ಟುತ್ತಾ ಈ ನಕ್ಷೆ ತಯಾರಿಸಿ 1937ರಲ್ಲಿ ಪ್ರಕಟಿಸಿದರು.

ಪ್ರತಿ ನರದ ಬೇರಿಗೂ ಚರ್ಮದಲ್ಲಿ ಒಂದು ಪಟ್ಟಿ ಸೇರಿದೆ. ಹೆಬ್ಬೆರಳು ಕುತ್ತಿಗೆಯ 6ನೇ ಬೇರಿಗೆ, ನಡುಬೆರಳು 7ಕ್ಕೆ, ಕಿರುಬೆರಳು 8ಕ್ಕೆ. ಮೊಲೆತೊಟ್ಟಿನ ಮಟ್ಟ ಎದೆಯ 4, ಹೊಕ್ಕುಳು ಎದೆಯ 10. ಕಾಲಿನ ಹೆಬ್ಬೆರಳು ಸೊಂಟದ 5, ಪಾದದ ಹೊರ ಅಂಚು ತ್ರಿಕಾಸ್ಥಿಯ 1. ಸರ್ಪಸುತ್ತು ಆದಾಗ ಈ ಪಟ್ಟಿಯನ್ನು ಕಣ್ಣಾರೆ ನೋಡಬಹುದು. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ, ಅಂದರೆ ಚಿಕನ್ ಪಾಕ್ಸ್‌ನ, ವೈರಸ್ ನರದ ಬೇರಿನ ಗಂಟಿನಲ್ಲಿ ಅಡಗಿದ್ದು ವರ್ಷಗಳ ಮೇಲೆ ಎದ್ದು ಅದೇ ಬೇರಿನ ಚರ್ಮಕ್ಕೆ ಬರುತ್ತದೆ. ಬೇರು ನಡುಗೆರೆಯಲ್ಲಿ ನಿಲ್ಲುವುದರಿಂದ ಗುಳ್ಳೆಗಳೂ ನಡುಗೆರೆಗೆ ನಿಲ್ಲುತ್ತವೆ. ಹಾವು ಸುತ್ತು ಹಾಕಿ ಮುಗಿಸಿದರೆ ಪ್ರಾಣ ಹೋಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಮಣ್ಣು, ಬಣ್ಣ ಹಚ್ಚಿಸಿಕೊಂಡು ದಿನ ಕಳೆಯಬೇಡಿ: ವೈರಸ್ ಔಷಧಿ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ. ಕಣ್ಣಿನ ಹತ್ತಿರ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ.

ಕೈ ಜೋಮು ಹಿಡಿದರೆ ಯಾವ ಬೆರಳು ಎಂದು ಮೊದಲು ಗುರುತಿಸಿ. ಕಿರುಬೆರಳು ಮತ್ತು ಉಂಗುರಬೆರಳಿನ ಅರ್ಧ ಆದರೆ ಅಲ್ನಾರ್ ನರ. ಮೊಣಕೈ ಬಾಗಿಲಿಗೆ ಬಡಿದಾಗ ಝುಂ ಎನ್ನುವುದು ಅದೇ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಹೊತ್ತು ಜೋಮು ಹಿಡಿದು, ಕೈ ಒದರಿದರೆ ಕಡಿಮೆಯಾಗುವುದಾದರೆ ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಿದೆ. ಎರಡೂ ಕೈಯ ಹಿಂಬದಿ ಒಂದಕ್ಕೊಂದು ತಾಕುವಂತೆ ಮಣಿಕಟ್ಟು ಮಡಚಿ 60 ಸೆಕೆಂಡ್ ಹಿಡಿಯಿರಿ. ಅಷ್ಟರೊಳಗೆ ಅದೇ ಬೆರಳುಗಳು ಜುಮುಗುಟ್ಟಿದರೆ ಶಂಕೆ ಬಲವಾಗುತ್ತದೆ. ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ, ಬಸಿರಿನ ದಿನಗಳಲ್ಲಿ ಇದು ಹೆಚ್ಚು. ಚಕ್ಕಳಮಕ್ಕಳ ಹಾಕಿ ಅಥವಾ ಕುಕ್ಕರುಗಾಲಲ್ಲಿ ಗಂಟೆಗಟ್ಟಲೆ ಕೂತು ಎದ್ದಾಗ ಪಾದ ಮೇಲೆತ್ತಲು ಬಾರದಿದ್ದರೆ, ಮಂಡಿಯ ಹೊರಬದಿಯಲ್ಲಿ ಮೂಳೆಯ ಮೇಲೆ ಹಾದುಹೋಗುವ ನರ ಒತ್ತಿದೆ. ಸಾಧಾರಣ ಜೋಮು ನಿಮಿಷಗಳಲ್ಲಿ ಇಳಿಯುತ್ತದೆ. ಪಾದ ಮರುದಿನವೂ ಜೋತೇ ಇದ್ದರೆ ತೋರಿಸಬೇಕು. ಪೆಟ್ಟಾದ ಪರಿಧಿ ನರ ದಿನಕ್ಕೆ ಸುಮಾರು 1 ಮಿ.ಮೀ. ಮತ್ತೆ ಬೆಳೆಯಬಲ್ಲದು. ಮಿದುಳುಬಳ್ಳಿಯೊಳಗಿನ ತಂತುಗಳು ಹಾಗೆ ಬೆಳೆಯುವುದಿಲ್ಲ.

ಚರ್ಮದ ಮೇಲೆ ಬಣ್ಣ ಮಾಸಿದ ಮಚ್ಚೆ ಇದ್ದು, ಹತ್ತಿಯಿಂದ ಸವರಿದರೆ ಅಲ್ಲಿ ಮಾತ್ರ ಗೊತ್ತಾಗದಿದ್ದರೆ ಕುಷ್ಠರೋಗದ ಪರೀಕ್ಷೆ ಆಗಬೇಕು. ಅದರ ಬ್ಯಾಕ್ಟೀರಿಯಾ ಮೈಯ ತಂಪು ಭಾಗದ ನರಗಳನ್ನು ಹಿಡಿಯುತ್ತದೆ. ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ, ಪೂರ್ತಿ ಗುಣವಾಗುತ್ತದೆ, ಬೇಗ ಹೋದರೆ ಬೆರಳೂ ಉಳಿಯುತ್ತದೆ.

ಸಕ್ಕರೆ ಕಾಯಿಲೆ ಇರುವವರ ಪಾದಕ್ಕೆ ಪ್ರತ್ಯೇಕ ಪರೀಕ್ಷೆ ಇದೆ, ಎರಡೇ ನಿಮಿಷದ ಕೆಲಸ. ಅವರು ಕಣ್ಣು ಮುಚ್ಚಲಿ. ನಿಮ್ಮ ತೋರುಬೆರಳಿನಿಂದ ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೊಂದಾಗಿ ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಿ. ತಟ್ಟಬೇಡಿ, ಒತ್ತಬೇಡಿ, ಒಂದೇ ಬೆರಳನ್ನು ಎರಡನೇ ಸಲ ಮುಟ್ಟಬೇಡಿ. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳು ಗೊತ್ತಾಗದಿದ್ದರೆ ಪಾದದ ಸ್ಪರ್ಶ ಹೋಗಿದೆ. ಸಕ್ಕರೆಯಿಂದ ಮೊದಲು ಕೆಡುವುದು ಅತಿ ಉದ್ದದ ನರಗಳು, ಆದ್ದರಿಂದಲೇ ಕಾಲ್ಬೆರಳಿನಿಂದ ಶುರು. ಅಂಥವರು ಬರಿಗಾಲಲ್ಲಿ ನಡೆಯಬಾರದು, ಬಿಸಿನೀರಿನ ತಂಬಿಗೆಯಿಂದ ಕಾಲಿಗೆ ಶಾಖ ಕೊಡಬಾರದು, ದಿನಾ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು.

ಹೆಜ್ಜೆ 4: ಕಣ್ಣು ಮುಚ್ಚಿ ನಿಲ್ಲುವುದು

ಪಾದಗಳನ್ನು ಜೋಡಿಸಿ, ಕೈ ಇಳಿಬಿಟ್ಟು ನಿಲ್ಲಲಿ. ನೀವು ಪಕ್ಕದಲ್ಲೇ, ಬಿದ್ದರೆ ಹಿಡಿಯುವಷ್ಟು ಹತ್ತಿರ ಇರಿ. 30 ಸೆಕೆಂಡ್ ಕಣ್ಣು ತೆರೆದು, 30 ಸೆಕೆಂಡ್ ಮುಚ್ಚಿ. ಸ್ವಲ್ಪ ತೂಗಾಡುವುದು ಸಹಜ.

ನಿಂತಿರಲು ಮೂರು ಕಡೆಯ ಸುದ್ದಿ ಬೇಕು: ಕಣ್ಣು, ಒಳಕಿವಿ, ಮತ್ತು ಕೀಲು-ಸ್ನಾಯುಗಳಿಂದ ಬರುವ ಸ್ಥಾನಪ್ರಜ್ಞೆ. ತೆರೆದಾಗ ನೆಟ್ಟಗೆ ನಿಂತವರು ಮುಚ್ಚಿದೊಡನೆ ಬೀಳಲು ಹೋದರೆ ಸ್ಥಾನಪ್ರಜ್ಞೆಯ ದಾರಿ, ಅಂದರೆ ನರ ಅಥವಾ ಮಿದುಳುಬಳ್ಳಿಯ ಹಿಂಭಾಗದ ಕಂಬ, ಕೆಟ್ಟಿರುವ ಸಾಧ್ಯತೆ ಹೆಚ್ಚು. ಮುಖ ತೊಳೆಯುವಾಗ ಕಣ್ಣು ಮುಚ್ಚಿದರೆ ವಾಲುತ್ತದೆ ಎಂದು ಹಿರಿಯರು ಹೇಳುವ ದೂರು ಇದೇ. ನಮ್ಮಲ್ಲಿ ಇದಕ್ಕೆ ಸಾಮಾನ್ಯ ಕಾರಣವೊಂದು ಬಿ12 ಕೊರತೆ. ಈ ವಿಟಮಿನ್ ಸೊಪ್ಪು, ಕಾಳು, ಧಾನ್ಯಗಳಲ್ಲಿ ಇಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸ, ಮೀನಿನಲ್ಲಿ ಇದೆ. ಹಾಲೂ ಕಡಿಮೆ ಕುಡಿಯುವ ಸಸ್ಯಾಹಾರಿಗಳು ಮತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿರುವವರು ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಬೇಗ ಹಿಡಿದರೆ ಇಂಜೆಕ್ಷನ್‌ಗೆ ಸರಿಹೋಗುತ್ತದೆ, ತಡವಾದರೆ ಒಂದಿಷ್ಟು ಹಾನಿ ಉಳಿದೇಬಿಡುತ್ತದೆ.

ಕಣ್ಣು ತೆರೆದಿದ್ದಾಗಲೇ ತೂರಾಡಿದರೆ ಅನುಮಸ್ತಿಷ್ಕದ, ಅಂದರೆ ಚಲನೆಯನ್ನು ತಿದ್ದುವ ಹಿಂಬದಿಯ ಸಣ್ಣ ಮಿದುಳಿನ ಕಡೆ ನೋಡಬೇಕು. ಜೊತೆಗಾರರು ತೋರುಬೆರಳಿನಿಂದ ತಮ್ಮ ಮೂಗಿನ ತುದಿ ಮುಟ್ಟಿ, ತೋಳಿನಳತೆ ದೂರದ ನಿಮ್ಮ ಬೆರಳು ಮುಟ್ಟಿ, ಮತ್ತೆ ಮೂಗು ಮುಟ್ಟಲಿ. ನೀವು ಬೆರಳಿನ ಜಾಗ ಬದಲಿಸುತ್ತಿರಿ. ಗುರಿ ಹತ್ತಿರವಾದಂತೆ ಕೈ ಹೆಚ್ಚು ಹೊಯ್ದಾಡಿದರೆ ಅದು ಅನುಮಸ್ತಿಷ್ಕದ ಗುರುತು. ಸುಮ್ಮನಿದ್ದಾಗ ನಡುಗಿ ಕೆಲಸ ಮಾಡುವಾಗ ಕಡಿಮೆಯಾಗುವ ಪಾರ್ಕಿನ್‌ಸನ್ ನಡುಕ ಇದಕ್ಕೆ ತದ್ವಿರುದ್ಧ. ಅನುಮಸ್ತಿಷ್ಕದ ಬಲಭಾಗ ಕೆಟ್ಟರೆ ಬಲಗೈಯೇ ತಪ್ಪುತ್ತದೆ. ದೊಡ್ಡ ಮಿದುಳಾದ ಮಹಾಮಸ್ತಿಷ್ಕದಲ್ಲಿ ಎಡ-ಬಲ ಅದಲುಬದಲಾಗುತ್ತದೆ, ಇಲ್ಲಿ ಇಲ್ಲ.

ಹೆಜ್ಜೆ 5: ಕಣ್ಣಿನಲ್ಲಿ ಮೂರು ಪರೀಕ್ಷೆ

ಮಬ್ಬು ಕೋಣೆಯಲ್ಲಿ, ದೂರ ನೋಡುತ್ತಿರುವವರ ಒಂದು ಕಣ್ಣಿಗೆ ಪಕ್ಕದಿಂದ ಟಾರ್ಚ್ ಹಾಯಿಸಿ. ಆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಜೊತೆಗೆ ಬೆಳಕು ಬೀಳದ ಇನ್ನೊಂದೂ ಕಿರಿದಾಗುತ್ತದೆ. ಸುದ್ದಿ 2ನೇ ಕಪಾಲ ನರದಲ್ಲಿ ಒಳಬಂದು, ಮಿದುಳನ್ನೂ ಬಳ್ಳಿಯನ್ನೂ ಜೋಡಿಸುವ ಮಿದುಳುಕಾಂಡದ ಮೇಲ್ಭಾಗದಲ್ಲಿ ಎರಡೂ ಕಡೆಗೆ ಹಂಚಿಹೋಗಿ, 3ನೇ ನರದಲ್ಲಿ ಹೊರಬರುತ್ತದೆ. ತಲೆಗೆ ಪೆಟ್ಟು ಬಿದ್ದವರಲ್ಲಿ ವೈದ್ಯರು ಪದೇ ಪದೇ ಟಾರ್ಚ್ ಹಾಕಿ ನೋಡುವುದು ಇದನ್ನೇ. ಬುರುಡೆಯೊಳಗೆ ರಕ್ತ ಕೂಡಿಕೊಂಡು ಮಿದುಳು ಕೆಳಕ್ಕೆ ಒತ್ತಿದರೆ 3ನೇ ನರ ಸಿಕ್ಕಿಕೊಂಡು ಒಂದು ಪಾಪೆ ದೊಡ್ಡದಾಗಿ ನಿಂತುಬಿಡುತ್ತದೆ. ಲೇಸರ್ ಪಾಯಿಂಟರ್ ಮಾತ್ರ ಎಂದಿಗೂ ಬಳಸಬೇಡಿ.

ಎರಡನೆಯದು ಕುರುಡು ಚುಕ್ಕೆ. ಹಾಳೆಯ ಎಡಕ್ಕೆ ಕೂಡುವ ಚಿಹ್ನೆ, ಅದರಿಂದ 8 ಸೆಂ.ಮೀ. ಬಲಕ್ಕೆ ಕಪ್ಪು ಚುಕ್ಕೆ ಬರೆಯಿರಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಚಿಹ್ನೆಯನ್ನೇ ದಿಟ್ಟಿಸುತ್ತಾ ಹಾಳೆಯನ್ನು ಹತ್ತಿರ ತನ್ನಿ. ಸುಮಾರು 30 ಸೆಂ.ಮೀ. ದೂರದಲ್ಲಿ ಚುಕ್ಕೆ ಮಾಯವಾಗುತ್ತದೆ. ದೃಷ್ಟಿ ನರ ಕಣ್ಣಿನಿಂದ ಹೊರಬೀಳುವ ಜಾಗದಲ್ಲಿ ಬೆಳಕಿನ ಗ್ರಾಹಕಗಳಿಲ್ಲ. ಚುಕ್ಕೆಯ ಮೇಲೆ ಅಡ್ಡಗೆರೆ ಎಳೆದು ಮತ್ತೆ ನೋಡಿ: ಗೆರೆ ಮುರಿಯದೆ ಕಾಣುತ್ತದೆ. ಇಲ್ಲದ ಭಾಗವನ್ನು ಮಿದುಳು ತುಂಬಿಸಿಕೊಂಡಿದೆ.

ಮೂರನೆಯದಕ್ಕೆ ಏನೂ ಬೇಡ, ಈ ಪುಟವೇ ಸಾಕು. ತಲೆ ಅಲ್ಲಾಡಿಸದೆ ಫೋನನ್ನು ಸೆಕೆಂಡಿಗೆ ಎರಡು ಸಲ ಎಡಬಲಕ್ಕೆ ಆಡಿಸುತ್ತಾ ಓದಿ, ಅಕ್ಷರ ಕಲಸಿಹೋಗುತ್ತದೆ. ಈಗ ಫೋನನ್ನು ನಿಲ್ಲಿಸಿ ಅಷ್ಟೇ ವೇಗದಲ್ಲಿ ತಲೆ ಆಡಿಸಿ, ಓದಬಹುದು. ತಲೆಯ ಚಲನೆಯನ್ನು ಒಳಕಿವಿ ಅಳೆದು ಮಿದುಳುಕಾಂಡದ ಮೂಲಕ ಕಣ್ಣನ್ನು ಎದುರು ದಿಕ್ಕಿಗೆ ತಿರುಗಿಸುತ್ತದೆ, ಈ ದಾರಿ ಬಲು ಚಿಕ್ಕದು. ಚಲಿಸುವ ಅಕ್ಷರವನ್ನು ನೋಡಿ ಹಿಂಬಾಲಿಸುವ ದಾರಿ ಮೇಲಿನ ಮಿದುಳಿನಿಂದ ಬರಬೇಕು, ತಡವಾಗುತ್ತದೆ. ಕುತ್ತಿಗೆ ನೋವಿರುವವರು ಇದನ್ನು ಬಿಟ್ಟುಬಿಡಲಿ.

ಹೆಜ್ಜೆ 6: ಸ್ವಾಯತ್ತ ನರಮಂಡಲವನ್ನು ನಾಡಿಯಲ್ಲಿ ಹಿಡಿಯುವುದು

ಇಲ್ಲಿ ಎರಡು ಬಣ. ಎದೆ ಮತ್ತು ಸೊಂಟದ ಮೇಲ್ಭಾಗದ ಬೇರುಗಳಿಂದ ಹೊರಡುವ ಸಿಂಪಥೆಟಿಕ್ ಹೃದಯವನ್ನು ಓಡಿಸುತ್ತದೆ, ಪಾಪೆ ಅರಳಿಸುತ್ತದೆ, ಬೆವರಿಸುತ್ತದೆ. ಮಿದುಳುಕಾಂಡ ಮತ್ತು ತ್ರಿಕಾಸ್ಥಿ ಭಾಗದಿಂದ ಹೊರಡುವ ಪ್ಯಾರಾಸಿಂಪಥೆಟಿಕ್ ಹೃದಯವನ್ನು ನಿಧಾನಿಸುತ್ತದೆ, ಜೊಲ್ಲು ಸುರಿಸುತ್ತದೆ, ಕರುಳು ನಡೆಸುತ್ತದೆ. ಕರುಳಿನ ಗೋಡೆಯಲ್ಲಿ ಅದರದೇ ನರಜಾಲ ಬೇರೆ ಇದೆ, ಮಿದುಳಿನ ಆಜ್ಞೆ ಇಲ್ಲದೆಯೂ ಕೆಲಸ ಮಾಡಬಲ್ಲದು.

ಮಣಿಕಟ್ಟಿನಲ್ಲಿ ನಾಡಿ ಹಿಡಿದು 5 ಸೆಕೆಂಡ್ ಉಸಿರೆಳೆದು 5 ಸೆಕೆಂಡ್ ಬಿಡುತ್ತಾ ಒಂದು ನಿಮಿಷ ಗಮನಿಸಿ. ಎಳೆದಾಗ ನಾಡಿ ಚುರುಕು, ಬಿಟ್ಟಾಗ ನಿಧಾನ. ವೇಗಸ್ ನರ, ಅಂದರೆ 10ನೇ ಕಪಾಲ ನರ, ಹಿಡಿತ ಸಡಿಲಿಸಿ ಬಿಗಿಗೊಳಿಸುತ್ತಿರುವುದು ಹೀಗೆ ಬೆರಳಿಗೆ ತಾಕುತ್ತದೆ. ಎಳೆಯರಲ್ಲಿ ಈ ಏರಿಳಿತ ಸ್ಪಷ್ಟ, ವಯಸ್ಸಾದಂತೆ ಕುಗ್ಗುತ್ತದೆ.

ಮನೆಯಲ್ಲಿ ಬಿಪಿ ಯಂತ್ರ ಇದ್ದರೆ 5 ನಿಮಿಷ ಮಲಗಿ ಒಮ್ಮೆ, ಎದ್ದು ನಿಂತ 1 ಮತ್ತು 3ನೇ ನಿಮಿಷಕ್ಕೆ ಒಮ್ಮೊಮ್ಮೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ನಿಂತಾಗ ರಕ್ತ ಮೇಲೆ ತಳ್ಳುವ ವ್ಯವಸ್ಥೆ ಸೋಲುತ್ತಿದೆ. ಸಕ್ಕರೆ ಕಾಯಿಲೆ, ನೀರಿನ ಕೊರತೆ, ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ ಸಾಮಾನ್ಯ ಕಾರಣಗಳು. ವೈದ್ಯರು ಮಾತ್ರೆ ಬದಲಿಸುವವರೆಗೆ ರಾತ್ರಿ ಏಳುವಾಗ ಒಂದು ನಿಮಿಷ ಮಂಚದ ಅಂಚಿನಲ್ಲಿ ಕೂತು ಏಳಲಿ.

ಸಿನಾಪ್ಸ್‌ನಲ್ಲಿ ವಿಷ

ನರಕ್ಕೂ ಸ್ನಾಯುವಿಗೂ ನಡುವೆ ಸಣ್ಣ ಸಂದು ಇದೆ. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಅದನ್ನು ದಾಟಿ ಆಜ್ಞೆ ಮುಟ್ಟಿಸುತ್ತದೆ, ಕೆಲಸವಾದೊಡನೆ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ನರದ ತುದಿಯಲ್ಲಿ ಇಂಥ ರಾಸಾಯನಿಕ ಇದೆ ಎಂದು ವಿಜ್ಞಾನಿ ಒಟ್ಟೊ ಲೋವಿ 1921ರಲ್ಲಿ ಕಪ್ಪೆಯ ಹೃದಯದ ಪ್ರಯೋಗದಿಂದ ತೋರಿಸಿದರು.

ನಮ್ಮ ಹೊಲಗದ್ದೆಗಳಲ್ಲಿ ಈ ಸಂದು ಎರಡು ಬಗೆಯಲ್ಲಿ ಕೆಡುತ್ತದೆ. ನಾಗರಹಾವಿನ ವಿಷ ಸ್ನಾಯುವಿನ ಗ್ರಾಹಕವನ್ನು ಮುಚ್ಚುತ್ತದೆ; ಕಡಂಬಳ ಎಂದೂ ಕರೆಯುವ ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳುಮಾಡುತ್ತದೆ. ಎರಡರಲ್ಲೂ ಮೊದಲು ರೆಪ್ಪೆ ಜೋಲುತ್ತದೆ, ಆಮೇಲೆ ನುಂಗಲು, ಕೊನೆಗೆ ಉಸಿರಾಡಲು ಆಗುವುದಿಲ್ಲ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಗಾಯ, ನೋವು, ಬಾವು ಕಾಣದೆಯೂ ಇರಬಹುದು. ನೆಲದಲ್ಲಿ ಮಲಗಿದ್ದವರು ಬೆಳಗ್ಗೆ ಹೊಟ್ಟೆನೋವು, ಜೋಲು ರೆಪ್ಪೆಯೊಂದಿಗೆ ಎದ್ದರೆ ಹಾವು ನೋಡಿಲ್ಲ ಎಂದು ಸುಮ್ಮನಿರಬೇಡಿ. ಕಟ್ಟು ಬಿಗಿಯದೆ, ಕೊಯ್ಯದೆ, ಕಚ್ಚಿದ ಭಾಗ ಅಲ್ಲಾಡದಂತೆ ಇಟ್ಟು ಆಸ್ಪತ್ರೆಗೆ ಒಯ್ಯಿರಿ.

ಆರ್ಗನೋಫಾಸ್ಫೇಟ್ ಕೀಟನಾಶಕಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಅಸಿಟೈಲ್‌ಕೋಲಿನ್ ಒಡೆಯದೆ ಉಳಿದು ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಜೊಲ್ಲು, ಬೆವರು, ಭೇದಿ, ಸ್ನಾಯುಗಳ ಮಿಡಿತ ಕಾಣಿಸುತ್ತವೆ. ಔಷಧಿ ಹೊಡೆಯುವಾಗ ಚರ್ಮದಿಂದಲೂ ಒಳಹೋಗುತ್ತದೆ. ನೆನೆದ ಬಟ್ಟೆ ಕಳಚಿ, ಮೈಯನ್ನು ಸೋಪಿನಿಂದ ತೊಳೆದು ಕರೆದೊಯ್ಯಿರಿ, ತೊಳೆಯುವವರು ಕೈಗೆ ಗವಸು ಹಾಕಿಕೊಳ್ಳಲಿ. ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಹೋದರೆ ವೈದ್ಯರಿಗೆ ಯಾವ ವಿಷ ಎಂದು ತಕ್ಷಣ ತಿಳಿಯುತ್ತದೆ.

ಕಾಯಬಾರದ ಮೂರು ಸಂದರ್ಭ

ಲಕ್ವ: ನಗಲು ಹೇಳಿ, ಬಾಯಿ ಒಂದು ಕಡೆ ಜಾರುತ್ತದೆಯೇ? ಕಣ್ಣು ಮುಚ್ಚಿ ಎರಡೂ ಕೈ ಮುಂದೆ ಚಾಚಿ 10 ಸೆಕೆಂಡ್ ಹಿಡಿಯಲಿ, ಒಂದು ಕೈ ಇಳಿಯುತ್ತದೆಯೇ? ಒಂದು ವಾಕ್ಯ ಹೇಳಿಸಿ, ತೊದಲುತ್ತಾರೆಯೇ? ಯಾವುದಾದರೂ ಒಂದು ಹೊಸದಾಗಿ ಕಂಡರೂ 108ಕ್ಕೆ ಕರೆ ಮಾಡಿ, ಕೊನೆಯದಾಗಿ ಸರಿಯಿದ್ದ ಹೊತ್ತನ್ನು ಬರೆದುಕೊಳ್ಳಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಆದ್ದರಿಂದ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ. ಬಾಯಿಗೆ ನೀರು, ಮಾತ್ರೆ ಹಾಕಬೇಡಿ. ರಕ್ತಸ್ರಾವದ ಲಕ್ವವೋ ಹೆಪ್ಪಿನದೋ ಹೊರಗಿನಿಂದ ತಿಳಿಯುವುದಿಲ್ಲ. ಚಲನಾ ತಂತುಗಳಲ್ಲಿ ಹೆಚ್ಚಿನವು ಮಿದುಳುಕಾಂಡದ ತಳದಲ್ಲಿ ಅಡ್ಡ ದಾಟುವುದರಿಂದ ಬಲಗೈ ಸೋತರೆ ಪೆಟ್ಟು ಬಿದ್ದಿರುವುದು ಸಾಮಾನ್ಯವಾಗಿ ಎಡ ಮಿದುಳಿಗೆ, ಮಾತಿನ ಕೇಂದ್ರವೂ ಹೆಚ್ಚಿನವರಲ್ಲಿ ಅಲ್ಲೇ ಇದೆ. ಬಾಯಿ ಮಾತ್ರವಲ್ಲ, ಅದೇ ಬದಿಯ ಹಣೆಯೂ ಸುಕ್ಕಾಗದೆ, ಕಣ್ಣೂ ಮುಚ್ಚದೆ, ಕೈಕಾಲು ಚೆನ್ನಾಗಿದ್ದರೆ 7ನೇ ಕಪಾಲ ನರದ ಊತ ಇರಬಹುದು. ಹಣೆಗೆ ಎರಡೂ ಬದಿಯ ಮಿದುಳಿನ ಆಜ್ಞೆ ಸಿಗುವುದರಿಂದ ಲಕ್ವದಲ್ಲಿ ಅದು ಉಳಿಯುತ್ತದೆ. ಆದರೂ ಈ ತೀರ್ಮಾನ ವೈದ್ಯರದು, ಹೋಗುವುದನ್ನು ತಡಮಾಡಬೇಡಿ.

ಫಿಟ್ಸ್: ಗಡಿಯಾರ ನೋಡಿ, ಸುತ್ತಲಿನ ಗಟ್ಟಿ ವಸ್ತು ಸರಿಸಿ, ತಲೆಯಡಿ ಬಟ್ಟೆ ಇಟ್ಟು ಒಂದು ಮಗ್ಗುಲಿಗೆ ಹೊರಳಿಸಿ. ಕೈಗೆ ಬೀಗದ ಕೈ, ಕಬ್ಬಿಣ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ನಿಲ್ಲುವುದಿಲ್ಲ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷಕ್ಕೆ ತಾವೇ ನಿಲ್ಲುತ್ತವೆ, ಆ ಹೊತ್ತಿಗೆ ಕೈಯಲ್ಲಿದ್ದ ಕಬ್ಬಿಣಕ್ಕೆ ಹೆಸರು ಬರುತ್ತದೆ. ಹಲ್ಲಿನ ನಡುವೆ ಚಮಚ ಇಟ್ಟರೆ ಹಲ್ಲು ಮುರಿದು ಉಸಿರಿನ ದಾರಿಗೆ ಹೋಗಬಹುದು. 5 ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೆ ಬಂದರೆ, ಬಸುರಿಗೆ ಬಂದರೆ, ಜೀವನದಲ್ಲಿ ಮೊದಲ ಸಲ ಬಂದಿದ್ದರೆ 108.

ಬೆನ್ನು-ಕುತ್ತಿಗೆ ಪೆಟ್ಟು: ಅಡಿಕೆ, ತೆಂಗಿನ ಮರದಿಂದ ಬಿದ್ದವರನ್ನು ಎಬ್ಬಿಸಿ ಕೂರಿಸಬೇಡಿ, ಆಟೋದಲ್ಲಿ ಮಡಚಿ ಸಾಗಿಸಬೇಡಿ. ಉಸಿರಾಟದ ಮುಖ್ಯ ಸ್ನಾಯುವಾದ ವಪೆಗೆ ಆಜ್ಞೆ ಕುತ್ತಿಗೆಯ 3, 4, 5ನೇ ಬೇರುಗಳಿಂದ ಹೋಗುತ್ತದೆ. ಅದಕ್ಕಿಂತ ಮೇಲೆ ಬಳ್ಳಿ ತುಂಡಾದರೆ ಉಸಿರೇ ನಿಲ್ಲುತ್ತದೆ. ಮುರಿದ ಮಣಿ ಇನ್ನೂ ಬಳ್ಳಿಯನ್ನು ಕತ್ತರಿಸದೆ ಇರಬಹುದು, ಎತ್ತುವಾಗ ಕತ್ತರಿಸಬಹುದು. ಒಬ್ಬರು ತಲೆ ಹಿಡಿದು, ಮೂವರು ಮೈ ಹಿಡಿದು, ತಲೆ-ಕುತ್ತಿಗೆ-ಸೊಂಟ ಒಂದೇ ಸಾಲಿನಲ್ಲಿರುವಂತೆ ಒಟ್ಟಿಗೆ ಹೊರಳಿಸಿ ಗಟ್ಟಿ ಹಲಗೆಯ ಮೇಲೆ ಸಾಗಿಸಿ. ಹಳೆಯ ಸೊಂಟನೋವಿನವರಿಗೆ ಇದ್ದಕ್ಕಿದ್ದಂತೆ ಮೂತ್ರ ಕಟ್ಟಿ, ಕೂರುವ ಭಾಗದಲ್ಲಿ ಸ್ಪರ್ಶ ಹೋದರೆ ಅದೂ ಅದೇ ದಿನದ ತುರ್ತು: ಕೆಳಗಿನ ಬೇರುಗಳ ಗೊಂಚಲು ಒತ್ತಿಹೋಗಿದೆ.

ವೈದ್ಯರ ಬಳಿ ಹೋಗುವ ಮುನ್ನ

ಒಂದು ಹಾಳೆಯಲ್ಲಿ ಮನುಷ್ಯನ ಆಕೃತಿ ಮುಂದೆ, ಹಿಂದೆ ಎರಡು ಬರೆದು, ಜೋಮು ಇರುವ ಜಾಗಕ್ಕೆ ಗೆರೆ ಹಾಕಿ, ಬಲ ಇಲ್ಲದ ಜಾಗಕ್ಕೆ ಚುಕ್ಕೆ ಇಡಿ. ಶುರುವಾದದ್ದು ಕ್ಷಣದಲ್ಲೋ, ದಿನಗಳಲ್ಲೋ, ತಿಂಗಳುಗಳಲ್ಲೋ ಎಂದು ಬರೆಯಿರಿ; ಕ್ಷಣದಲ್ಲಿ ಬಂದದ್ದು ರಕ್ತನಾಳದ ಕಡೆಗೆ, ತಿಂಗಳುಗಳಲ್ಲಿ ಬೆಳೆದದ್ದು ಒತ್ತಡ ಅಥವಾ ಸವೆತದ ಕಡೆಗೆ ಬೆರಳು ತೋರಿಸುತ್ತದೆ. ಮೇಲಿನ ಪರೀಕ್ಷೆಗಳಲ್ಲಿ ಎಡಕ್ಕೂ ಬಲಕ್ಕೂ ಕಂಡ ವ್ಯತ್ಯಾಸ, ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರು, ನಾಟಿ ಔಷಧಿ ಇದ್ದರೆ ಅದೂ ಅದರಲ್ಲಿರಲಿ. ಫಿಟ್ಸ್ ಆದರೆ ಜೊತೆಗಿದ್ದವರು ಫೋನಿನಲ್ಲಿ ತೆಗೆದ ಅರ್ಧ ನಿಮಿಷದ ವಿಡಿಯೊ ಪುಟಗಟ್ಟಲೆ ವಿವರಣೆಗಿಂತ ಹೆಚ್ಚು ಹೇಳುತ್ತದೆ. ನೋಡಿದವರೇ ರೋಗಿಯ ಜೊತೆ ಬರುವುದು ಇನ್ನೂ ಒಳ್ಳೆಯದು. ನಿಜವಾದ ಮಿದುಳು, ಮಿದುಳುಬಳ್ಳಿಯನ್ನು ಕಣ್ಣಾರೆ ನೋಡುವ ಆಸೆಯಿದ್ದವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಮಿದುಳಿನ ಸಂಗ್ರಹಾಲಯಕ್ಕೆ ಹೋಗಬಹುದು, ಹೊರಡುವ ಮುಂಚೆ ಸಾರ್ವಜನಿಕರಿಗೆ ತೆರೆದಿರುವ ದಿನ ಯಾವುದೆಂದು ವಿಚಾರಿಸಿಕೊಳ್ಳಿ.